ಬಸ್ಸಿನಲ್ಲಿ ಬರುತ್ತಿದ್ದ ಭಯ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನಿಂದ ದಿನಾ ಗುಬ್ಬಿಗೆ ಹೋಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಒಂದು ವರ್ಷ, ಬಸ್ಸು ಹತ್ತಿದರೆ ಸಾಕು, ಈಗಲೇ ಸಾಯುತ್ತೇನೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿದ್ದರೆ ತಲೆ ಬಾಚಿಕೊಳ್ಳಲೂ ಮನಸ್ಸಾಗುತ್ತಿರಲಿಲ್ಲ. ಪುಣ್ಯಕ್ಕೆ ನಮ್ಮ ಬೀದಿಯಲ್ಲಿ ವೈದ್ಯರಿಗೇನೂ ಬರವಿರಲಿಲ್ಲ. ಪಕ್ಕದ ಮನೆಯಾಕೆ ಪಿತ್ತ ಎಂದರು. ಕುಣಿಗಲ್ಲಿನಿಂದ ಬಂದ ಚಿಕ್ಕಪ್ಪ, "ಇನ್ನೊಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ ಕಣಮ್ಮ" ಎಂದರು. ಇದ್ದ ಇಬ್ಬರು ಮಕ್ಕಳು ಯಾಕೋ ಆ ಕೆಲಸ ಮಾಡಿರಲಿಲ್ಲ.

ಕೊನೆಗೆ ಒಂದು ದಿನ ಸ್ಟಾಫ್ ರೂಮಿನಲ್ಲೇ ಅದೇ ಭಯ ಬಂದು ಕುಸಿದು ಕೂತೆ. ಶಾಲಾ ಇನ್ಸ್‌ಪೆಕ್ಟರೂ ಹೆದರುತ್ತಿದ್ದ ನಮ್ಮ ಹೆಡ್‌ಮಿಸ್ಟ್ರೆಸ್ ಬಾಗಿಲು ಹಾಕಿ, "ನಂಗೂ ಹಿಂಗೇ ಆಗಿತ್ತು. ಇದು ಕಾಯಿಲೆ. ನಾಳೆ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಎಂದರು.

ವರ್ಷವಿಡೀ ಮಾತ್ರೆ ನುಂಗಿದೆ. ಭಯ ಪೂರ್ತಿ ಹೋಗಲಿಲ್ಲ. ಪಾಠ ಹೇಳುವಷ್ಟು ಜಾಗ ಬಿಟ್ಟುಕೊಟ್ಟಿತು.