ಹುಬ್ಬಿನ ಮೇಲಿನ ಹೊಲಿಗೆ

ನನ್ನ ಎಡ ಹುಬ್ಬಿನ ಮೇಲಿನ ಗುರುತು ನೋಡಿ ಇವತ್ತಿಗೂ ಯಾರಾದರೂ "ಗುಂಡು ತಾಗಿತ್ತೇನ್ರಿ?" ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುಂಡೂ ಇಲ್ಲ, ಮಣ್ಣೂ ಇಲ್ಲ. ಅದು ಹಾಕಿ ಸ್ಟಿಕ್ಕಿನ ಏಟು. ಎದುರು ತಂಡದ ಧಡೂತಿ ಆಸಾಮಿಯೊಬ್ಬ ಚೆಂಡಿಗೆಂದು ಬೀಸಿದ್ದು ನನ್ನ ಹುಬ್ಬಿಗೆ ಬಿತ್ತು.

ನಾನು ಮಿಲಿಟರಿಯಲ್ಲಿದ್ದದ್ದು ಖರೆ. ಆದರೆ ಮಾಡಿದ ನೌಕರಿ ಹಾಕಿ ಆಡುವುದು. ಗೋಕಾಕ ಫಾಲ್ಸಿನಲ್ಲಿ ಸೋದರಮಾವನ ಮನೆಯಲ್ಲಿದ್ದಾಗ ಗಿರಣಿ ಕೆಲಸಗಾರರ ಜೊತೆ ಆಡಿ ಕಲಿತಿದ್ದೆ. ಪಲ್ಟನ್ನಿಗೆ ಸೇರಿದ ಮೇಲೆ ಸಾಹೇಬರೊಬ್ಬರು ನನ್ನ ಓಟ ನೋಡಿ ತಂಡಕ್ಕೆ ತೆಗೆದುಕೊಂಡರು. ಉಳಿದವರು ಬೆನ್ನಿಗೆ ಹೊರೆ ಕಟ್ಟಿಕೊಂಡು ಗುಡ್ಡ ಹತ್ತುವಾಗ ನಾನು ಮೈದಾನದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದೆ. ಪಗಾರ ಎಲ್ಲರಷ್ಟೇ, ಹಾಲು ಮಾತ್ರ ಹೆಚ್ಚು. ನಮ್ಮೂರು ಕುಲಗೋಡದಿಂದ ನನ್ನ ಜೊತೆಗೇ ಬಂದು ಭರ್ತಿಯಾಗಿದ್ದ ಗೆಳೆಯ, ನಮ್ಮ ಓಣಿಯವನೇ, ಆ ಹಾಲಿನ ಲೋಟ ನೋಡಿ "ಅತ್ತಿ ಮನ್ಯಾಗಿನ ಅಳಿಯ ಆಗಿಯಲ್ಲೋ ಮಗನ" ಎಂದು ಕಾಡುತ್ತಿದ್ದ.

ಚೀನಾದ ಯುದ್ಧ ಹತ್ತಿದಾಗ ನಮ್ಮ ತಂಡ ದೂರದ ಊರಿನಲ್ಲಿ ಪಂದ್ಯ ಆಡುತ್ತಿತ್ತು. ಪಲ್ಟನ್ನು ಗಡಿಗೆ ಹೋಯಿತು. ನಮ್ಮನ್ನು ಯಾರೂ ಕರೆಯಲಿಲ್ಲ. ನನ್ನನ್ನೂ ಕಳಿಸಿರಿ ಎಂದು ನಾನೂ ಕೇಳಲಿಲ್ಲ. ಗೆಳೆಯ ಅಲ್ಲಿ ಹಿಮದಲ್ಲಿ ಸತ್ತ ಸುದ್ದಿ ಬಂದಾಗ ನಾನು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಮಂಚದ ಮೇಲೆ ಬಿದ್ದುಕೊಂಡಿದ್ದೆ. ಅವನ ಹೆಣ ಕೂಡ ಊರಿಗೆ ಬರಲಿಲ್ಲ.

ರಜೆಗೆ ಊರಿಗೆ ಹೊರಟೆ. ಗೋಕಾಕದ ಬಸ್ಸು ಕುಲಗೋಡದಲ್ಲಿ ನಿಲ್ಲುವಷ್ಟರಲ್ಲೇ ಹಲಗೆ ಬಾರಿಸುವ ಸಪ್ಪಳ ಕೇಳಿಸಿತು. ಅಪ್ಪ ಹಾರ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ. ನನ್ನ ಹುಬ್ಬು ನೋಡಿದ್ದೇ ತಡ, "ನೋಡ್ರಿ, ಚೀನಾದವರ ಗುಂಡು! ಒಂದೀಟ ಕೆಳಗ ಬಂದಿದ್ರ ಕಣ್ಣ ಹೋಗತಿತ್ತು!" ಎಂದು ಸಾರಿಬಿಟ್ಟ. "ಅಲ್ಲಪ್ಪಾ, ಅದು..." ಎಂದು ನಾನು ಬಾಯಿ ತೆಗೆದರೆ ಹಲಗೆಯವನು ಇನ್ನೂ ಜೋರಾಗಿ ಬಾರಿಸಿದ. ಅವ್ವ ಬಾಗಿಲಲ್ಲೇ ನಿಲ್ಲಿಸಿ ರೊಟ್ಟಿಯ ತುಂಡು, ನೀರು ನಿವಾಳಿಸಿ ಒಗೆದಳು. ಹಾಲು ಕುಡಿದು ಬಂದವನಿಗೆ ಯಾರ ಕಣ್ಣು ತಾಗಬೇಕು? ನಾಚಿಕೊಂಡು ಒಳಗೆ ನುಗ್ಗಿದೆ.

ಕೈಕಾಲು ತೊಳೆದುಕೊಂಡವನೇ ಅಪ್ಪನಿಗೆ ಎಲ್ಲ ಹೇಳಿದೆ. ಅವನ ಮುಖ ಗಂಟಾಯಿತು. "ಆಟ ಆಡಾಕ ಪಗಾರ ಕೊಡತಾರಂತ ಯಾರ ಮುಂದ ಹೇಳಲೋ? ಊರ ತುಂಬ ಹೇಳಕೊಂಡ ಬಂದೇನಿ. ಬಾಯಿ ಮುಚ್ಕೊಂಡ ಇರು" ಎಂದ.

ಮರುದಿನ ಗೆಳೆಯನ ತಾಯಿ ಬಂದಳು. ನಾನು ಸಣ್ಣಂದಿನಿಂದ ಆಕೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಮಗ್ಗುಲಲ್ಲಿ ಕುಳಿತು ನನ್ನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ನೋವು ಆತೇನ ಯಪ್ಪಾ?"

"ಇಲ್ಲ ದೊಡ್ಡವ್ವಾ."

"ಒಂದ ಮಾತ ಕೇಳಾಕ ಬಂದೇನಿ. ನೀವಿಬ್ಬರೂ ಕೂಡೇ ಹೋದವರು. ಕಡೀಕ ಅವನ ಬಾಯಾಗ ನೀರ ನೀನ ಬಿಟ್ಟಿಯೇನ?"

ಸಾಯುವವರ ಬಾಯಿಗೆ ತಮ್ಮವರು ನಾಲ್ಕು ಹನಿ ನೀರು ಬಿಡದಿದ್ದರೆ ಜೀವ ನೀರಡಿಸಿ ಹೋಗುತ್ತದೆ ಎನ್ನುವವರು ನಾವು. ಆಕೆಗೆ ಬೇಕಾಗಿದ್ದದ್ದು ಅದೊಂದೇ. ಬಾಗಿಲ ಹಿಂದೆ ನಿಂತಿದ್ದ ಅಪ್ಪ ಹೂಂ ಅನ್ನು, ಹೂಂ ಅನ್ನು ಎಂದು ತಲೆ ಆಡಿಸುತ್ತಿದ್ದ. ಹೂಂ ಎಂದಿದ್ದರೆ ಆಕೆಯ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಆ ಬೆರಳು ಇನ್ನೂ ನನ್ನ ಹುಬ್ಬಿನ ಮೇಲೇ ಇತ್ತು. ನನ್ನಿಂದಾಗಲಿಲ್ಲ.

"ನಾ ಅಲ್ಲಿ ಇರಲೇ ಇಲ್ಲ ದೊಡ್ಡವ್ವಾ. ಬ್ಯಾರೆ ಊರಾಗ ಹಾಕಿ ಆಡಾಕತ್ತಿದ್ನಿ. ಇದು ಅಲ್ಲೇ ಬಿದ್ದ ಏಟು."

"ಹಾಕಿ ಅಂದ್ರ?"

"ಬಡಿಗೀಲೆ ಚೆಂಡ ಹೊಡಿಯೂ ಆಟ."

ಆಕೆ ಕೈ ತೆಗೆದಳು. ಅಪ್ಪ ಹಿತ್ತಲ ಕಡೆ ನಡೆದುಬಿಟ್ಟ. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸುತ್ತಿತ್ತು. ಬೈಯಲಿ, ಉಗುಳಲಿ, ಏನಾದರೂ ಅನ್ನಲಿ ಎಂದು ತಲೆ ತಗ್ಗಿಸಿ ಕುಳಿತೆ.

"ಆಟ ಆಡವರನ್ನ ಯುದ್ಧಕ್ಕ ಒಯ್ಯೂದಿಲ್ಲೇನ?"

"ನಮ್ಮನ್ನ ಒಯ್ಯಲಿಲ್ಲ."

ಆಕೆ ಸೆರಗು ಸರಿಮಾಡಿಕೊಂಡು ಎದ್ದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ನನ್ನ ಮಗಗೂ ಒಂದೀಟ ಕಲಿಸಬೇಕಿತ್ತಲ್ಲೋ, ಯಪ್ಪಾ."

ಕಲಿಸುತ್ತೇನೆ ಬಾ ಎಂದು ಕರೆದಿದ್ದೆ. ಇದೆಲ್ಲ ಹುಡುಗಾಟಿಕೆ ಎಂದು ಅವನೇ ನಕ್ಕು ಹೋಗಿದ್ದ. ಅದನ್ನು ಸತ್ತವನ ಮೇಲೆ ಹೇಗೆ ಹಾಕಲಿ?

"ತಪ್ಪಾತು ದೊಡ್ಡವ್ವಾ" ಎಂದೆ.