ಮೂವರ ಕೈಗೆ ಕೊಟ್ಟ ಸೊಂಟ

ಸೊಂಟ ಹಿಡಿದುಕೊಂಡದ್ದು ದಾಗಿಸ್‌ನ, ಅಂದರೆ ಇಲ್ಲಿನ ಶಿಶುವಿಹಾರದ, ಬಾಗಿಲಲ್ಲಿ. ಎರಡೂವರೆ ವರ್ಷದ ಮಗಳನ್ನು ಮನೆಗೆ ಕರೆದೊಯ್ಯಲು ಹೋಗಿದ್ದೆ. ಚಳಿಯ ದಪ್ಪ ಉಡುಪು ತೊಡಿಸಿ, ಎತ್ತಿಕೊಳ್ಳಲು ಬಗ್ಗಿದೆ. ಎಡಗಡೆ ಏನೋ ಜಾರಿದಂತಾಯಿತು. ಅಂದಿನಿಂದ ಅವಳು ಎರಡೂ ಕೈ ಚಾಚಿ, ಎತ್ತಿಕೋ ಎಂದು ಸ್ವೀಡಿಷಿನಲ್ಲಿ ಕೇಳಿದಾಗಲೆಲ್ಲ ನಾನೇ ನೆಲಕ್ಕೆ ಮಂಡಿಯೂರುತ್ತಿದ್ದೆ. ಮೊದಲ ದಿನ ಅವಳು ಅದನ್ನು ಆಟ ಎಂದುಕೊಂಡಳು. ಆಮೇಲೆ ಅಳತೊಡಗಿದಳು.

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬಾಕೆ ನನ್ನನ್ನು ಬಗ್ಗಿಸಿ, ನಡೆಸಿ, ಕಾಲೆತ್ತಿಸಿ ನೋಡಿದರು. ನಾಲ್ಕು ವ್ಯಾಯಾಮಗಳ ಹಾಳೆ ಕೊಟ್ಟು, ಆರು ವಾರ ಮಾಡಿ ಎಂದರು. ಅಷ್ಟೇ.

"ಕೈನೇ ಹಾಕ್ಲಿಲ್ವಾ? ಅದ್ಯಾವ ಸೀಮೆ ಡಾಕ್ಟ್ರೇ!" ಎಂದರು ಫೋನಿನಲ್ಲಿ ಅಮ್ಮ. "ಕಾಲು ಮುಂದಾಗಿ ಹುಟ್ಟಿದವರು ಯಾರೂ ಸಿಗಲ್ವಾ ಅಲ್ಲಿ? ಬೆನ್ನಿಗೆ ಒಂದು ಒದೆ ಕೊಡ್ಸು, ಉಳುಕು ಹೋಗತ್ತೆ."

"ಇಲ್ಲಿ ಹಾಗೆ ಕೇಳ್ಕೊಂಡು ಹೋದ್ರೆ ಪೊಲೀಸ್ ಬರ್ತಾರಮ್ಮ."

ನಕ್ಕೆವು. ಆದರೆ ಆ ಹಾಳೆ ನೋಡಿದರೆ ನನಗೂ ಸಿಟ್ಟೇ ಬರುತ್ತಿತ್ತು. ಅದೇ ವಾರ ಮಂಗಳವಾರ ನಾಪ್ರಪಾತ್ ಬಳಿ ಹೋದೆ. ಸ್ನಾಯು ನೀವಿ ಕೀಲು ಸಡಿಲಿಸುವವರಿಗೆ ಇಲ್ಲಿ ಆ ಹೆಸರು. ಆತ ಮೊಣಕೈಯಿಂದ ಒತ್ತುವ ಮೊದಲು, ಬೇರೆ ಯಾರಿಗಾದರೂ ತೋರಿಸಿದ್ದೀರಾ ಎಂದು ಕೇಳಿದ. ಇಲ್ಲ ಎಂದೆ. ಶುಕ್ರವಾರ, ಬೆನ್ನುಮೂಳೆ ತಿರುಚಿ ಸರಿಪಡಿಸುವ ಕೈರೋಪ್ರಾಕ್ಟರ್ ಕೂಡ ಅದನ್ನೇ ಕೇಳಿದ. ಇಲ್ಲ ಎಂದೆ. ಒಬ್ಬ ಡಾಕ್ಟರ ಮುಂದೆ ಇನ್ನೊಬ್ಬರ ಮಾತೆತ್ತಬಾರದು, ಬೇಜಾರಾದರೆ ಸರಿಯಾಗಿ ನೋಡುವುದಿಲ್ಲ: ನಮ್ಮ ಮನೆಯಲ್ಲಿ ಕಲಿತದ್ದು ಇದು. ಹಳೆಯ ಚೀಟಿಯನ್ನು ಬ್ಯಾಗಿನ ತಳಕ್ಕೆ ತಳ್ಳಿಯೇ ಹೊಸ ಕ್ಲಿನಿಕ್ಕಿನ ಮೆಟ್ಟಿಲು ಹತ್ತುತ್ತಿದ್ದೆವು.

ಕೈರೋಪ್ರಾಕ್ಟರ್ ನನ್ನನ್ನು ಮಗ್ಗುಲಾಗಿಸಿ ಒಮ್ಮೆ ತಿರುಚಿದ. ಲಟಕ್ಕೆಂದಿತು. ಅಂದು ಸಂಜೆ ಹಗುರವಾಗಿ ನಡೆದೆ.

ಶನಿವಾರ ಬೆಳಿಗ್ಗೆ ಎಡಗಾಲಿನ ಎರಡು ಬೆರಳುಗಳಿಗೆ ಸ್ಪರ್ಶವಿರಲಿಲ್ಲ. ಉಗುರಿನಿಂದ ಚುಚ್ಚಿದೆ, ಬೇರೆಯವರ ಕಾಲನ್ನು ಚುಚ್ಚಿದಂತಿತ್ತು. ಆರೋಗ್ಯ ಸಲಹೆಯ ಫೋನಿನಲ್ಲಿ ನರ್ಸ್ ಒಂದೊಂದಾಗಿ ಕೇಳಿದಳು: ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಪಾದ ಮೇಲೆತ್ತಲು ಆಗುತ್ತದೆಯೇ. ಎರಡಕ್ಕೂ ಹೌದೆಂದೆ. ಹೆಚ್ಚಾದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಇಲ್ಲದಿದ್ದರೆ ಸೋಮವಾರ ತೋರಿಸಿ ಎಂದಳು. ಎರಡು ದಿನ ಆ ಬೆರಳುಗಳನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಸೋಮವಾರ ಅದೇ ಫಿಸಿಯೋಥೆರಪಿಸ್ಟ್ ಎದುರು ಎಲ್ಲವನ್ನೂ ಹೇಳಿಬಿಟ್ಟೆ. ಆಕೆಯ ಮುಖ ಬಿಗಿಯುವುದನ್ನು ಕಾದೆ. ಬಿಗಿಯಲಿಲ್ಲ. ಆಕೆ ಹೇಳಿದ್ದನ್ನೆಲ್ಲ ಟೈಪು ಮಾಡಿಕೊಂಡರು.

"ಯಾರ ಕೈಯಿಂದ ಹೀಗಾಯಿತು?" ಎಂದು ಕೇಳಿದೆ.

"ಹೇಳಲಾಗದು. ಯಾರ ಕೈಯಿಂದಲೂ ಅಲ್ಲದಿರಬಹುದು; ನೋವು ತಾನಾಗಿ ಮುಂದುವರಿದದ್ದೂ ಇರಬಹುದು. ಮೊದಲೇ ಹೇಳಿದ್ದರೆ ಅವರಿಬ್ಬರೂ ಬೇರೆ ರೀತಿ ನೋಡುತ್ತಿದ್ದರೇನೋ."

ನರಗಳನ್ನು ಪರೀಕ್ಷಿಸಿ, ಹಾಳೆಯ ಎರಡು ವ್ಯಾಯಾಮಗಳನ್ನು ಗೀಟೆಳೆದು ತೆಗೆದುಹಾಕಿದರು. ನನ್ನನ್ನು ನೋಡುವಂತೆ ಕೇಂದ್ರದ ಡಾಕ್ಟರಿಗೂ ಬರೆದರು.

ಈಗ ಕನ್ನಡದ ಗೆಳತಿಯರು ಕೇಳುತ್ತಾರೆ: "ನೀನು ಮೂರೂ ನೋಡಿದೀಯಲ್ಲ, ಯಾವ್ದು ಬೆಸ್ಟು ಹೇಳೇ." ಒಂದನ್ನೂ ಪೂರ್ತಿ ನೋಡದೆ ಮೂರನ್ನೂ ಒಂದೇ ವಾರಕ್ಕೆ ತುರುಕಿದವಳು ಏನನ್ನು ಹೋಲಿಸಿ ಹೇಳಲಿ? ಒಂದು ಬೆರಳಿಗೆ ಸ್ಪರ್ಶ ಮರಳಿದೆ. ಇನ್ನೊಂದಕ್ಕೆ ಇಲ್ಲ.

ನಿನ್ನೆ ದಾಗಿಸ್‌ಗೆ ಗಂಡನೂ ಬಂದಿದ್ದರು. ಮಗಳು ಹೊರಗೆ ಓಡಿಬಂದಳು. ನಾನು ಮಂಡಿಯೂರಲು ಗೋಡೆ ಹಿಡಿದುಕೊಳ್ಳುವಷ್ಟರಲ್ಲಿ ನನ್ನನ್ನು ದಾಟಿ ಹೋಗಿ, ಅಪ್ಪನತ್ತ ಕೈ ಚಾಚಿ ನಿಂತಳು.