ಬಾಗಿಲಲ್ಲಿ ಬಿಚ್ಚಿದ ಚಾಪೆ

ತಂದೆ ಪೌಲಿಯಾಸಿ ತೀರಿಕೊಂಡ ಸುದ್ದಿ ಬಂದಾಗ ಫೀಪೆ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಎ.ಸಿ.ಯ ಫಿಲ್ಟರ್ ಒರೆಸುತ್ತಿದ್ದರು. ಮೇಲಿನ ವಾರ್ಡಿನಿಂದ ಇಳಿದುಬಂದ ನರ್ಸ್ ವಿಷಯ ಹೇಳಿ ಬಾಗಿಲಲ್ಲೇ ನಿಂತರು. ಫೀಪೆ ಫಿಲ್ಟರನ್ನು ಅದರ ಜಾಗದಲ್ಲಿ ಕೂರಿಸಿ, ಗಾಳಿ ಬರುತ್ತಿದೆಯೇ ಎಂದು ಅಂಗೈ ಒಡ್ಡಿ ನೋಡಿ, ಆಮೇಲೆ ಮೆಟ್ಟಿಲೇರಿದರು. ಆ ಕೋಣೆಯನ್ನು ಹದಿನೇಳು ವರ್ಷ ಕಾಯ್ದು, ಕೆಲಸವನ್ನು ಮಗಳಿಗೆ ಕಲಿಸಿದವರು ಪೌಲಿಯಾಸಿಯೇ.

ಅದಾಗಿ ಮೂರು ವಾರ. ದ್ವೀಪದ ರಾಜಧಾನಿ ನುಕುಅಲೋಫಾದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಐವತ್ತರ ಫೀಪೆ ತೇವ ಹೀರುವ ಯಂತ್ರದ ಬಕೆಟ್ ಎತ್ತಿ ಮೋರಿಗೆ ಸುರಿಯುತ್ತಾರೆ. ದಿನಕ್ಕೆ ಒಂಬತ್ತು ಲೀಟರ್. ಹೊರಗಿನ ತೇವ ನೂರಕ್ಕೆ ಎಂಬತ್ತೆಂಟು, ಒಳಗೆ ನಲವತ್ತೆಂಟು. ಒಳಗಿನ ಉಷ್ಣಾಂಶ ಇಪ್ಪತ್ತೆರಡು ಡಿಗ್ರಿ ದಾಟುವುದಿಲ್ಲ. ರೋಗಿಗಳ ರಕ್ತದ ಗುಂಪು, ಮಕ್ಕಳ ಚುಚ್ಚುಮದ್ದಿನ ದಿನ, ಎಲ್ಲವೂ ಇರುವುದು ಈ ಕೋಣೆಯ ಕಂಪ್ಯೂಟರುಗಳಲ್ಲಿ.

"ತೇವ ಹೆಚ್ಚಾದ್ರೆ ತುಕ್ಕು, ತೀರಾ ಒಣಗಿದ್ರೆ ಮುಟ್ಟಿದಲ್ಲಿ ಕಿಡಿ. ಎಳೆಗೂಸಿನ ಥರ ನೋಡ್ಕೋ ಅಂತಿದ್ದ ಅಪ್ಪ," ಎನ್ನುತ್ತಾರೆ.

ಇಲ್ಲಿಯ ವಾಡಿಕೆಯಂತೆ, ತಂದೆ ಹೋದರೆ ಮಕ್ಕಳು ದುಃಖದ ಗುರುತಾಗಿ ಅಂಚು ಹರಿದ ಒರಟು ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ತಿಂಗಳುಗಟ್ಟಲೆ ಓಡಾಡಬೇಕು. ಅದರ ನಾರು ಉದುರಿ ಫ್ಯಾನಿಗೆ ಸಿಕ್ಕಿದರೆ ಯಂತ್ರ ಕಾದು ನಿಲ್ಲುತ್ತದೆ. ಫೀಪೆ ಚಾಪೆ ಬಿಚ್ಚಿ ಬಾಗಿಲ ಬಳಿ ನೆಲದ ಮೇಲಿಟ್ಟದ್ದನ್ನು, ಕೆಲಸಕ್ಕೆ ಮರಳಿದ ಮೊದಲ ದಿನವೇ ಚಿಕ್ಕಪ್ಪನ ಮಗಳು ಸಿಫಾ ಕಂಡರು.

"ಏನೇ, ಯಂತ್ರಕ್ಕಿರೋ ಮರ್ಯಾದೆ ಹೆತ್ತಪ್ಪನಿಗಿಲ್ವಾ?"

ಮಾತು ಚರ್ಚಿನ ತನಕ ಹೋಯಿತು. ಕೆಲಸವನ್ನೇ ಬಿಟ್ಟುಬಿಡಲು ಫೀಪೆ ಯೋಚಿಸಿದ್ದರು. ಮಾರನೆಯ ಬೆಳಗ್ಗೆ ಪೌಲಿಯಾಸಿಯ ಅಕ್ಕ, ಎಂಬತ್ತರ ಲವೇನಿಯಾ, ಕೋಲೂರಿಕೊಂಡು ಬಂದು ಬಾಗಿಲೆದುರಿನ ಬೆಂಚಿನ ಮೇಲೆ ಕೂತರು. ಮನೆತನದಲ್ಲಿ ಅವರಿಗಿಂತ ಮೇಲಿನವರಿಲ್ಲ.

"ಕೊಡಿಲ್ಲಿ ಚಾಪೆ."

"ಅತ್ತೆ, ನೀವು ಹಿಡ್ಕೊಳ್ಳೋದಾ? ನೋಡಿದವರು ಏನಂತಾರೆ?"

"ಅನ್ನೋರು ನನ್ನ ಮುಂದೆ ಬಂದು ಅನ್ಲಿ. ನೆಲದ ಮೇಲೆ ಬಿದ್ದಿದ್ರೆ ತಾನೇ ಅವಮಾನ? ನನ್ನ ತೊಡೆ ಮೇಲಿರ್ತದೆ. ಹೋಗು, ಬಕೆಟ್ ತುಂಬಿ ಚೆಲ್ತಿರ್ಬೇಕು."

ಅಂದಿನಿಂದ ಅವರು ದಿನವೂ ಬರುತ್ತಾರೆ, ಇಡೀ ದ್ವೀಪ ಕೆಲಸ ನಿಲ್ಲಿಸುವ ಭಾನುವಾರವೂ. ಸಿಫಾ ಈಗ ಅವರಿಗೆ ಚಹಾ ತಂದುಕೊಡುತ್ತಾರೆ. "ಸಕ್ಕರೆ ಸಾಲ್ದು," ಎನ್ನುತ್ತಾರೆ ಲವೇನಿಯಾ, ಅಷ್ಟೇ.

ಫೀಪೆ ಹೊರಬರುತ್ತಾರೆ. "ಅಪ್ಪನ ಕಾಲದಿಂದ ಒಳಗಿನ ತೇವ ಒಂದು ದಿನವೂ ಅರವತ್ತು ದಾಟಿಲ್ಲ, ಅತ್ತೆ. ಇವತ್ತೂ ಇಲ್ಲ."

ಲವೇನಿಯಾ ಫೀಪೆಯ ಸೊಂಟಕ್ಕೆ ಚಾಪೆ ಸುತ್ತಿ, ತಾವೇ ಗಂಟು ಬಿಗಿದು, ಕಣ್ಣು ಮುಚ್ಚುತ್ತಾರೆ. "ದೇವರೇ, ಊರಿನವರಿಗಾಗಿ ತಂಪು ಕಾಯ್ದವನು ನನ್ನ ತಮ್ಮ. ಅವನ ಆತ್ಮ ನಿನ್ನ ಹತ್ರ ತಣ್ಣಗಿರಲಿ."